ತೆರೆದ ಪುಟವೂ ತಿದ್ದುವ ಓದುಗನೂ

1

ಓಲೆಯ ಪ್ರತಿಗಳನ್ನು ಬಿಚ್ಚಿ ನೋಡಿದವರಿಗೆ ಅವುಗಳ ಕೊನೆಯಲ್ಲಿ ಬರುವ ಲಿಪಿಕಾರನ ಬಿನ್ನಹವು ಪರಿಚಿತವಾದುದೇ. ಕಂಡಂತೆ ಬರೆದಿರುವುದಾಗಿಯೂ, ಅಕ್ಷರ ಹೆಚ್ಚುಕಡಿಮೆಯಾಗಿದ್ದಲ್ಲಿ ಬಲ್ಲವರು ತಿದ್ದಿ ಓದಿಕೊಳ್ಳಬೇಕೆಂದೂ ಅವನು ಬೇಡಿಕೊಳ್ಳುತ್ತಾನೆ. ಈ ಬಿನ್ನಹದಲ್ಲಿ ವಿನಯವಿರುವಷ್ಟೇ ಶಾಸ್ತ್ರವೂ ಇರುವುದು. ಗ್ರಂಥವು ಬರೆದವನ ಕೈಯಲ್ಲಿಯೇ ಮುಗಿದುಹೋಗುವುದಿಲ್ಲ. ಓದುವವನಿಗೂ ಅದರಲ್ಲಿ ಒಂದು ಭಾರವುಂಟೆಂಬುದು ಇದರಿಂದ ಸಿದ್ಧವಾಗುತ್ತದೆ. ಮುದ್ರಣವು ಬಂದಮೇಲೆ ಈ ಭಾರವು ಓದುಗನ ಹೆಗಲಿನಿಂದ ಇಳಿಯಿತು. ತಪ್ಪೊಪ್ಪುಗಳ ಪಟ್ಟಿಯನ್ನು ಪ್ರಕಾಶಕನು ಅಂಟಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಂತರ್ಜಾಲದಲ್ಲಿ ಈಗ ಆ ಭಾರವು ಓದುಗನಿಗೆ ಮರಳಿ ಬಂದಿರುವುದು. ಪುಟದೊಳಗೆಯೇ ಬರೆಯುವ ಸಾಧನವೊಂದನ್ನು ಹುದುಗಿಸಿಟ್ಟು, ಓದುತ್ತಿರುವವನೇ ಆ ಪುಟವನ್ನು ತಿದ್ದಲು ಎಡೆಗೊಡುವ ಕ್ರಮವು ಲೋಕದಲ್ಲೆಲ್ಲ ಬಳಕೆಗೆ ಬಂದಿದೆ. ಕನ್ನಡದಲ್ಲಿ ಇದರ ಮುಖ್ಯ ಉದಾಹರಣೆಗಳು 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ, ಪ್ರಾಚೀನಾರ್ವಾಚೀನ ಗ್ರಂಥಗಳ ಪಾಠವನ್ನು ಕೊಡುವ ವಿಕಿಸೋರ್ಸೂ ಆಗಿವೆ. ಮೊದಲನೆಯದರಲ್ಲಿ ಇಂದು ಮೂವತ್ತು ಸಾವಿರಕ್ಕೆ ಮೇಲ್ಪಟ್ಟ ಲೇಖನಗಳಿರುವುವು. ಪುಟದ ಮೇಲಂಚಿನಲ್ಲಿ 'ಸಂಪಾದಿಸಿ' ಎಂಬೊಂದು ಪದವಿದೆ, ಅದನ್ನೊತ್ತಿದವನು ಸಂಪಾದಕನಾಗುತ್ತಾನೆ. ಈ ಅಧಿಕಾರವು ಲೋಕವಿಷಯದ ಲೇಖನಕ್ಕೂ ಪ್ರಾಚೀನ ಪಾಠಕ್ಕೂ ಒಂದೇ ಸಮನಾಗಿ ಸಲ್ಲುವುದೇ ಎಂಬುದು ಇಲ್ಲಿ ವಿಚಾರಿಸತಕ್ಕ ವಿಷಯ. ವಿಚಾರಕ್ಕೆ ಆಧಾರವಾಗಿ ಭೀಮಾತೀರದ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯನ್ನೂ ಅಲ್ಲಿಯ ವಾಙ್ಮಯವನ್ನೂ ಇಟ್ಟುಕೊಂಡಿದೆ. 1948ರವರೆಗೆ ಹೈದರಾಬಾದು ಸಂಸ್ಥಾನದಲ್ಲಿದ್ದು ಉರ್ದುವಿನ ಆಡಳಿತವನ್ನು ಕಂಡ ಈ ಪ್ರಾಂತದಲ್ಲಿ ಕನ್ನಡವು ಮಠಗಳ ಕಟ್ಟುಗಳಲ್ಲಿಯೂ ಭಜನೆಯವರ ಬಾಯಲ್ಲಿಯೂ ಉಳಿದುಬಂದಿತು. ಆದುದರಿಂದ ಪಾಠದ ಪ್ರಶ್ನೆಯು ಇಲ್ಲಿ ಬಿಗಿಯಾಗಿ ಕಾಣಿಸಿಕೊಳ್ಳುತ್ತದೆ.

2

ಮೊದಲು ಸಾಧನದ ಸ್ವರೂಪವನ್ನು ತಿಳಿಯಬೇಕು. 1990ರಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು ರಚಿಸಿದ ಮೊತ್ತಮೊದಲ ಜಾಲದರ್ಶಕದಲ್ಲಿ ಓದುವುದಕ್ಕೂ ಬರೆಯುವುದಕ್ಕೂ ಒಂದೇ ಕಿಟಕಿಯಿದ್ದಿತು. ಬಳಿಕ ಪ್ರಚಾರಕ್ಕೆ ಬಂದ ದರ್ಶಕಗಳು ಓದುವ ಕೆಲಸವನ್ನು ಮಾತ್ರ ಉಳಿಸಿಕೊಂಡುವು. 1995ರಲ್ಲಿ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬವರು ಯಾರು ಬೇಕಾದರೂ ತಿದ್ದಬಹುದಾದ ಪುಟಗಳನ್ನು ಏರ್ಪಡಿಸಿ, ಹವಾಯಿ ಭಾಷೆಯಲ್ಲಿ ಶೀಘ್ರವೆಂಬರ್ಥದ 'ವಿಕಿ' ಶಬ್ದದಿಂದ ಅವಕ್ಕೆ ಹೆಸರಿಟ್ಟರು. ಹೆಸರಿನಲ್ಲಿಯೇ ಶೀಘ್ರತೆಯನ್ನು ಹೊತ್ತ ಸಾಧನವು ನಿಧಾನವನ್ನೇ ಜೀವಾಳವಾಗಿ ಉಳ್ಳ ಪಾಠಶೋಧನಕ್ಕೆ ಎಷ್ಟರಮಟ್ಟಿಗೆ ಒದಗೀತೆಂಬ ಶಂಕೆಯು ಇಲ್ಲಿಯೇ ಹುಟ್ಟುತ್ತದೆ.

ತಿದ್ದುವ ಬಗೆಗಳು ಎರಡು. ಒಂದರಲ್ಲಿ ಪುಟದ ಹಿಂದಿರುವ ಸಂಕೇತಗಳು ಕಣ್ಣಿಗೆ ಬೀಳುವುವು. ಎರಡೆರಡು ಆವರಣಗಳ ನಡುವೆ ಬರೆದ ಪದವು ಕೊಂಡಿಯಾಗುವುದು, ಮೂರು ಮೂರು ಮೇಲ್ಗುರುತುಗಳ ನಡುವಣ ಪದವು ದಪ್ಪನೆಯ ಅಕ್ಷರದಲ್ಲಿ ಮೂಡುವುದು. ಇನ್ನೊಂದು 'ವಿಷುಯಲ್ ಎಡಿಟರ್' ಎಂಬುದು. ಇದರಲ್ಲಿ ಕಂಡ ಪುಟವನ್ನು ಕಂಡಂತೆಯೇ ತಿದ್ದಬಹುದು. 2013ರ ಜುಲೈ ತಿಂಗಳಲ್ಲಿ ಇದನ್ನು ಇಂಗ್ಲಿಷ್ ವಿಕಿಪೀಡಿಯದಲ್ಲಿ ಎಲ್ಲರಿಗೂ ತೆರೆದಾಗ ಹಳೆಯ ಸಂಪಾದಕರು ಬಲವಾಗಿ ಆಕ್ಷೇಪಿಸಿದರು. ಸೆಪ್ಟೆಂಬರಿನಲ್ಲಿ ಅದನ್ನು ಬೇಕೆಂದವರಿಗೆ ಮಾತ್ರ ದೊರೆಯುವಂತೆ ಹಿಂದಕ್ಕೆ ಸರಿಸಬೇಕಾಯಿತು. ಆಕ್ಷೇಪಕ್ಕೆ ಯಂತ್ರದೋಷಗಳು ಕಾರಣವಾಗಿದ್ದುವೆಂಬುದು ನಿಜ. ಆದರೆ ಅವು ತಿದ್ದಲ್ಪಟ್ಟಮೇಲೂ ಒಂದು ತತ್ತ್ವಪ್ರಶ್ನೆಯು ಉಳಿಯುತ್ತದೆ. ಸಂಕೇತಗಳು ಕಾಣುವಾಗ ತಿದ್ದುವವನಿಗೆ ತಾನೊಂದು ಕಟ್ಟಡವನ್ನು ಮುಟ್ಟುತ್ತಿರುವೆನೆಂಬ ಎಚ್ಚರವಿರುತ್ತದೆ. ಅವು ಮರೆಯಾದೊಡನೆ ಪುಟವು ತನ್ನ ಮನೆಯ ಕಾಗದದಂತೆ ತೋರುತ್ತದೆ. ಸೌಲಭ್ಯವು ಹೆಚ್ಚಿದಷ್ಟೂ ಹೊಸಬರು ಬರುವರು, ಹೊಸಬರು ಬಂದಷ್ಟೂ ಜ್ಞಾನವು ಬೆಳೆಯುವುದು ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಕವಿರಾಜಮಾರ್ಗಕಾರನೂ ಕನ್ನಡ ನಾಡಿನ ಓದದ ಜನರಿಗೆ ಕಾವ್ಯದ ಗುಣದೋಷಗಳನ್ನರಿಯುವ ಶಕ್ತಿಯುಂಟೆಂದು ಮೆಚ್ಚಿ ನುಡಿದಿರುವನು. ಆ ಗ್ರಂಥವು ಹುಟ್ಟಿದ ಆಸ್ಥಾನದ ಮಾನ್ಯಖೇಟವು ಇದೇ ಕಲಬುರಗಿ ಜಿಲ್ಲೆಯ ಮಳಖೇಡ. ಆದರೆ ದೋಷವನ್ನರಿಯುವುದು ಒಂದು, ದೋಷವನ್ನು ಕಿತ್ತು ಬೇರೊಂದನ್ನಿಡುವುದು ಇನ್ನೊಂದು. ಮೊದಲನೆಯದಕ್ಕೆ ಸಹೃದಯತೆಯು ಸಾಕು; ಎರಡನೆಯದಕ್ಕೆ ಪ್ರಮಾಣವು ಬೇಕು.

3

ಮೊದಲ ಪರೀಕ್ಷೆಯನ್ನು ಊರ ಹೆಸರುಗಳಲ್ಲಿಯೇ ಮಾಡಬಹುದು. ಆಳಂದವನ್ನು ಆಲಂದವೆಂದೂ ಅಳಂದವೆಂದೂ, ಅಫಜಲಪುರವನ್ನು ಅಫಜಲಪೂರ, ಅಫ್ಜಲ್‌ಪುರ ಎಂದೂ, ಜೇವರ್ಗಿಯನ್ನು ಜೇವರಗಿಯೆಂದೂ ಬರೆಯುವುದುಂಟು. ನಡುವಣ ಅಕಾರವನ್ನು ಬಿಟ್ಟು ನುಡಿಯುವ ಉತ್ತರದ ವಾಡಿಕೆಯಿಂದ ಜೇವರಗಿಯು ಜೇವರ್ಗಿಯಾಗುವುದು ಸಹಜ. ಪಾರಸೀಕ ಧ್ವನಿಗಳನ್ನು ಚುಕ್ಕೆಯಿಂದ ಸೂಚಿಸಬೇಕೆನ್ನುವವರು ಅಫ಼ಜ಼ಲಪುರವೆಂದು ಬರೆದಾರು. ಇನ್ನು ಅಫಜಲಪುರ ತಾಲೂಕಿನಲ್ಲಿ ಭೀಮಾ ಅಮರ್ಜಾ ನದಿಗಳ ಸಂಗಮದ ಬಳಿಯಿರುವ ಗಾಣಗಾಪುರವು, ನರಸಿಂಹ ಸರಸ್ವತಿಗಳ ಚರಿತ್ರೆಯನ್ನು ಹೇಳುವ ಮರಾಠಿಯ ಗುರುಚರಿತ್ರೆಯಲ್ಲಿ ಗಂಧರ್ವಪುರವೆಂಬ ಹೆಸರನ್ನೂ ಪಡೆದಿದೆ. ಕಲಬುರಗಿಯೇ 2014ರವರೆಗೆ ಸರ್ಕಾರದ ಕಡತಗಳಲ್ಲಿ ಗುಲ್ಬರ್ಗಾ ಆಗಿದ್ದಿತು.

ಒಬ್ಬನು ಒಂದು ರೂಪವನ್ನು ಶುದ್ಧವೆಂದು ತಿದ್ದುವನು, ಇನ್ನೊಬ್ಬನು ಮರುದಿನ ಅದನ್ನು ಅಳಿಸುವನು. ಇಂತಹ ವ್ಯಾಜ್ಯಕ್ಕೆ ಯಂತ್ರದಲ್ಲಿ ಒಳ್ಳೆಯ ಉಪಾಯವೊಂದಿದೆ. ಲೇಖನವನ್ನು ಒಂದು ರೂಪದಡಿಯಲ್ಲಿಟ್ಟು, ಉಳಿದ ರೂಪಗಳನ್ನು ಅದರ ಕಡೆಗೆ ದಾರಿತೋರುವ ಪುಟಗಳನ್ನಾಗಿ ಮಾಡಬಹುದು. ಜೇವರಗಿಯೆಂದು ಹುಡುಕಿದವನೂ ಜೇವರ್ಗಿಗೆ ಬಂದು ಸೇರುತ್ತಾನೆ. ಯಾವ ರೂಪವೂ ನಾಶವಾಗುವುದಿಲ್ಲ. ಮುದ್ರಿತ ನಿಘಂಟುಗಳಲ್ಲಿ 'ನೋಡಿ' ಎಂದು ಸೂಚಿಸುವ ಪದ್ಧತಿಯೇ ಇದು. ಲೋಕವಿಷಯದ ಲೇಖನದಲ್ಲಿ, ಎಂದರೆ ಊರು, ನದಿ, ತಾಲೂಕಿನ ಎಲ್ಲೆ, ಜಾತ್ರೆಯ ತಿಥಿ ಮುಂತಾದುವುಗಳಲ್ಲಿ, ತೆರೆದ ಪುಟವು ಮುದ್ರಿತ ಗ್ರಂಥಕ್ಕಿಂತ ಮೇಲೆಂದು ಒಪ್ಪಲೇಬೇಕು. ಜೇವರ್ಗಿಯಿಂದ ಯಡ್ರಾಮಿಯು ಬೇರೆ ತಾಲೂಕಾದ ಸಂಗತಿಯನ್ನು ಹಳೆಯ ಗ್ಯಾಸೆಟಿಯರು ತಾನಾಗಿ ತಿದ್ದಿಕೊಳ್ಳಲಾರದು. ಆ ಊರಿನ ಒಬ್ಬ ಉಪಾಧ್ಯಾಯನು ಈ ಪುಟವನ್ನು ಗಳಿಗೆಯೊಳಗೆ ತಿದ್ದಬಲ್ಲನು.

4

ಎರಡನೆಯ ಪರೀಕ್ಷೆಯು ಕಠಿನವಾದುದು. ಕಡಕೋಳ ಮಡಿವಾಳಪ್ಪನವರು ಅಫಜಲಪುರ ಸೀಮೆಯ ಬಿದನೂರಿನಲ್ಲಿ ಹುಟ್ಟಿ, ಹಿಂದೆ ಜೇವರ್ಗಿಗೆ ಸೇರಿದ್ದು ಈಗ ಯಡ್ರಾಮಿ ತಾಲೂಕಿನಲ್ಲಿರುವ ಕಡಕೋಳದಲ್ಲಿ ನೆಲೆನಿಂತ ತತ್ತ್ವಪದಕಾರರು; ಗುರು ಮಹಾಂತನ ಹೆಸರನ್ನು ಅಂಕಿತದಲ್ಲಿ ಧರಿಸಿದವರು. ಅವರ ಶಿಷ್ಯಮಂಡಲಿಯಲ್ಲಿ ಖೈನೂರು ಕೃಷ್ಣಪ್ಪನೂ ಚನ್ನೂರ ಜಲಾಲಸಾಹೇಬನೂ ಇದ್ದುದು ಆ ಪಂಥದ ವೈಶಾಲ್ಯಕ್ಕೆ ಸಾಕ್ಷಿ. ಈ ಪದಗಳು ಏಕತಾರಿ ತಾಳಗಳೊಡನೆ ರಾತ್ರಿಯ ಭಜನೆಗಳಲ್ಲಿ ಬಾಯಿಂದ ಬಾಯಿಗೆ ಸಾಗಿಬಂದುವು. ಹಾಡುವವನು ಒಂದು ಶಬ್ದವನ್ನು ಮರೆತಾಗ ಇನ್ನೊಂದನ್ನು ಕೂಡಿಸಿದನು. ಒಂದೂರಿನ ನುಡಿಯಂತೆ ಇನ್ನೊಂದೂರಿನಲ್ಲಿ ಬದಲಾದುವು. ಆದುದರಿಂದ ಈ ವಾಙ್ಮಯವು ಮೊದಲಿನಿಂದಲೂ ತೆರೆದ ಪುಟವೇ ಆಗಿದ್ದಿತು. ಇದಕ್ಕೆ ಒಂದು ಮೂಲಪಾಠವನ್ನು ಹುಡುಕುವುದೇ ವ್ಯರ್ಥ, ಯಾರು ತಿದ್ದಿದರೂ ಸಂಪ್ರದಾಯವನ್ನೇ ಮುಂದುವರಿಸಿದಂತಾಯಿತು ಎಂದು ವಾದಿಸುವವರುಂಟು.

ಈ ವಾದವು ಮೇಲ್ನೋಟಕ್ಕೆ ರಮ್ಯವಾದರೂ ನಿಲ್ಲಲಾರದು. ಭಜನೆಯಲ್ಲಿ ಪದವನ್ನು ಬದಲಿಸಿದವನು ಆ ನುಡಿಯನ್ನೇ ಆಡುತ್ತಿದ್ದವನು, ಆ ಮಟ್ಟನ್ನು ಬಲ್ಲವನು, ಆ ಗುರುಮಾರ್ಗದಲ್ಲಿ ಕುಳಿತವನು. ಸುತ್ತ ಕುಳಿತವರು ಅವನ ತಪ್ಪನ್ನು ಅಲ್ಲಿಯೇ ಹಿಡಿಯುತ್ತಿದ್ದರು. ತೆರೆದ ಪುಟವನ್ನು ತಿದ್ದುವವನಿಗೆ ಈ ಮೂರೂ ಇರಬೇಕೆಂಬ ನಿಯಮವಿಲ್ಲ. ಶಾಲೆಯಲ್ಲಿ ಶಿಷ್ಟಕನ್ನಡವನ್ನು ಕಲಿತ ದೂರದ ಓದುಗನೊಬ್ಬನು ಪದದಲ್ಲಿ 'ಮಾಡ್ಯಾನ' ಎಂಬುದನ್ನು ಕಂಡು, ಅಪಶಬ್ದವೆಂದು ಬಗೆದು 'ಮಾಡಿದ್ದಾನೆ' ಎಂದು ತಿದ್ದಿದನೆನ್ನೋಣ. ಮೊದಲಿನ ರೂಪದಲ್ಲಿ ಐದು ಮಾತ್ರೆಗಳಿದ್ದುವು. ತಿದ್ದಿದ ರೂಪದಲ್ಲಿ ಏಳಾದುವು. ತಾಳವು ಕೆಟ್ಟಿತು. 'ಹ್ಯಾಂಗ' ಎಂಬುದನ್ನು 'ಹೇಗೆ' ಎಂದು ಮಾರ್ಪಡಿಸಿದರೆ ಬಿಂದುಪೂರ್ವಕವಾದ ಪ್ರಾಸವು ಹೋಗಿ, ಮುಂದಿನ ಸಾಲಿನ 'ಹಿಂಗ' ಎಂಬುದು ಜೊತೆಯಿಲ್ಲದೆ ಉಳಿಯುವುದು. ತಿದ್ದಿದವನಿಗೆ ಈ ಯಾವುದೂ ತಿಳಿಯದು. ಪುಟವು ಮೊದಲಿಗಿಂತ ಅಂದವಾಗಿ ಕಾಣುವುದು. ದುಷ್ಟಬುದ್ಧಿಯಿಂದ ಕೆಡಿಸಿದ ಪುಟವನ್ನು ಕಾವಲಿನವರು ಬೇಗ ಗುರುತಿಸಿ ಹಿಂದಿನ ಸ್ಥಿತಿಗೆ ತರುವರು. ಸದ್ಭಾವದಿಂದ ಕೆಡಿಸಿದ ಪುಟವನ್ನು ಯಾರೂ ಗುರುತಿಸುವುದಿಲ್ಲ. ನಿಜವಾದ ಅಪಾಯವಿರುವುದು ಇಲ್ಲಿಯೇ. ಪಾಠಶೋಧಕರಲ್ಲಿ ಕ್ಲಿಷ್ಟವಾದ ಪಾಠವನ್ನೇ ಪ್ರಾಯಶಃ ಪ್ರಾಚೀನವೆಂದು ಹಿಡಿಯುವ ನ್ಯಾಯವುಂಟು. ಸುಲಭಗೊಳಿಸುವುದು ಲಿಪಿಕಾರನ ಸ್ವಭಾವವಾದುದರಿಂದ ಈ ನ್ಯಾಯವು ಹುಟ್ಟಿತು. ತೆರೆದ ಪುಟದಲ್ಲಿ ಸುಲಭಗೊಳಿಸುವ ಕೈಗಳು ಸಹಸ್ರವಾಗಿರುವುದರಿಂದ ಅದಕ್ಕೆ ಇಂದು ಬೆಲೆಯು ಹೆಚ್ಚಾಗಿದೆ.

5

ಮೂರನೆಯ ಪರೀಕ್ಷೆಯು ವಚನಗಳದು. ಜೇವರ್ಗಿಯ ಷಣ್ಮುಖಸ್ವಾಮಿಗಳು 17ನೆಯ ಶತಮಾನದಲ್ಲಿ 'ಅಖಂಡೇಶ್ವರ' ಅಂಕಿತದಿಂದ ಏಳುನೂರಕ್ಕೂ ಮೇಲ್ಪಟ್ಟು ವಚನಗಳನ್ನು ರಚಿಸಿದರು. ಹನ್ನೆರಡನೆಯ ಶತಮಾನದ ಶೈಲಿಯನ್ನು ಅಷ್ಟು ತಡವಾಗಿ ಅಷ್ಟು ನಿಷ್ಠೆಯಿಂದ ಎತ್ತಿಹಿಡಿದವರು ವಿರಳ. ಅಂಕಿತವು ವಚನದ ಮುದ್ರೆ. ಅದೊಂದನ್ನು ಬಿಟ್ಟರೆ ಇವರ ಎಷ್ಟೋ ವಚನಗಳನ್ನು ಹಿಂದಿನ ಶರಣರದೆಂದು ಭ್ರಮಿಸುವುದು ಸಾಧ್ಯ. ಅಂಕಿತವನ್ನು ತಿದ್ದುವುದೆಂದರೆ ಕರ್ತೃವನ್ನೇ ತಿದ್ದಿದಂತೆ.

ಇದು ಬರಿಯ ಊಹೆಯ ಮಾತಲ್ಲ. ಬಸವಣ್ಣನವರ ವಚನಗಳಲ್ಲಿ ಕೂಡಲಸಂಗಮದೇವನೆಂಬ ಅಂಕಿತವನ್ನು ತೆಗೆದು 'ಲಿಂಗದೇವ' ಎಂದು ಮುದ್ರಿಸಿದ ಗ್ರಂಥವೊಂದನ್ನು ಕರ್ನಾಟಕ ಸರ್ಕಾರವು 1998ರಲ್ಲಿ ಮುಟ್ಟುಗೋಲು ಹಾಕಿದುದೂ, 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ಎತ್ತಿಹಿಡಿದುದೂ ಎಲ್ಲರಿಗೂ ತಿಳಿದಿದೆ. ಮುಟ್ಟುಗೋಲಿನ ಯುಕ್ತಾಯುಕ್ತತೆಯ ವಿಚಾರವು ಬೇರೆ. ಒಂದೇ ಪದದ ತಿದ್ದುಪಡಿಯು ಎರಡು ದಶಕಗಳ ವ್ಯಾಜ್ಯವಾಯಿತೆಂಬುದು ಇಲ್ಲಿ ಗಮನಾರ್ಹ. ಅಲ್ಲಿ ತಿದ್ದಿದವರ ಹೆಸರು ಗ್ರಂಥದ ಮೇಲಿದ್ದಿತು, ಬದಲಾವಣೆಗೆ ಕೊಟ್ಟ ಕಾರಣವೂ ಇದ್ದಿತು; ಆದುದರಿಂದ ವಾದಿಸುವುದು ಸಾಧ್ಯವಾಯಿತು. ತೆರೆದ ಪುಟದಲ್ಲಿ ಅದೇ ಕೆಲಸವನ್ನು ಹೆಸರಿಲ್ಲದವನೊಬ್ಬನು ಕಾರಣವಿಲ್ಲದೆ ಮಾಡಬಹುದು.

ಪ್ರಾಚೀನರು ತಿದ್ದಲಿಲ್ಲವೆ ಎಂದರೆ, ತಿದ್ದಿದರು. 'ಸಂಪಾದನೆ' ಎಂಬ ಶಬ್ದವನ್ನೇ ಹೆಸರಿನಲ್ಲಿ ಧರಿಸಿದ ಶೂನ್ಯಸಂಪಾದನೆಯು ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯ ದೇವ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ ಎಂಬ ನಾಲ್ವರ ಕೈಯಲ್ಲಿ ನಾಲ್ಕು ರೂಪಗಳನ್ನು ತಾಳಿತು. ಸಿದ್ಧರಾಮನ ದೀಕ್ಷೆಯಂತಹ ಪ್ರಸಂಗದಲ್ಲಿ ಅವಕ್ಕೆ ಏಕಾಭಿಪ್ರಾಯವಿಲ್ಲ. ಆದರೆ ಪ್ರತಿಯೊಬ್ಬನೂ ತನ್ನ ಪರಿಷ್ಕರಣವನ್ನು ತನ್ನದೆಂದೇ ಮುಂದಿಟ್ಟನು. ಹಿಂದಿನವನ ಓಲೆಯನ್ನು ಕೆರೆದು ಅದರ ಮೇಲೆಯೇ ಬರೆಯಲಿಲ್ಲ. ನಾಲ್ಕೂ ಉಳಿದುಬಂದುದರಿಂದಲೇ ಇಂದು ಅವುಗಳ ಭೇದವನ್ನು ಕುರಿತು ಚರ್ಚಿಸಲು ಎಡೆಯಾಗಿದೆ.

ವ್ಯಾಖ್ಯಾನಕಾರರ ಮಾರ್ಗವು ಇದಕ್ಕಿಂತಲೂ ನಿಷ್ಠುರವಾದುದು. ಕಲಬುರಗಿಗೆ ಅನತಿದೂರದ ಮರತೂರಿನೊಡನೆ ಹೆಸರು ಕೂಡಿಕೊಂಡಿರುವ ವಿಜ್ಞಾನೇಶ್ವರನು ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದನು. ಬಂಗಾಳವನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ದಾಯಭಾಗದ ನ್ಯಾಯವು ಅವನ ಮಾತಿನಂತೆ ನಡೆಯಿತು. ಲೋಕವ್ಯವಹಾರವನ್ನೇ ಬದಲಿಸಿದ ಈ ಗ್ರಂಥವು ಸ್ಮೃತಿಯ ಶ್ಲೋಕವನ್ನು ಮೇಲಿಟ್ಟು ತನ್ನ ಮಾತನ್ನು ಕೆಳಗಿಟ್ಟಿತು.

6

ಪಾಠದಿಂದ ಅಕ್ಷರಕ್ಕೆ ಇಳಿದರೆ ಇನ್ನೊಂದು ಸೂಕ್ಷ್ಮವು ಎದುರಾಗುತ್ತದೆ. ಯಂತ್ರದಲ್ಲಿ 'ಸ್ತ್ರೀ' ಎಂಬ ಒಂದೇ ಅಕ್ಷರವು ಆರು ಸಂಕೇತಗಳ ಸಮೂಹ. ಅಳಿಸುವ ಕೀಲಿಯನ್ನು ಒತ್ತಿದಾಗ ಸಾಮಾನ್ಯವಾಗಿ ಕೊನೆಯ ಸಂಕೇತವೊಂದೇ ಹೋಗುವುದು. ಎರಡು ಬಾರಿ ಒತ್ತಿ ಕೈಬಿಟ್ಟರೆ 'ಸ್ತ್' ಎಂಬ ಅಂಗವಿಕಲ ರೂಪವು ಪುಟದಲ್ಲಿ ಉಳಿಯುವುದು. 'ರ‍್ಯಾಂಕು' ಎಂಬಲ್ಲಿ ರೇಫವು ಅರ್ಕವಾಗದಂತೆ ಕಣ್ಣಿಗೆ ಕಾಣದ ಸಂಕೇತವೊಂದು ತಡೆದಿರುತ್ತದೆ; ಒಂದೆಡೆಯಿಂದ ಇನ್ನೊಂದೆಡೆಗೆ ಪ್ರತಿಮಾಡುವಾಗ ಅದು ಜಾರಿದರೆ ರೂಪವೇ ಬದಲಾಗುವುದು. ಕಂಡದ್ದನ್ನು ಕಂಡಂತೆ ತಿದ್ದುವ ಸಾಧನದಲ್ಲಿ ಕಾಣದಿರುವುದನ್ನು ಕಾಯುವವರಾರು?

ಹಳಗನ್ನಡದ ೞಕಾರದ ಕಥೆಯು ವಿದ್ವಾಂಸರಿಗೆ ವಿನೋದವನ್ನೂ ಬೋಧೆಯನ್ನೂ ಕೊಡತಕ್ಕದ್ದು. ಯೂನಿಕೋಡ್ ಸಂಕೇತಮಾಲೆಯಲ್ಲಿ ಈ ಅಕ್ಷರಕ್ಕೆ ಮೊದಲು 'ಫ' ಎಂಬ ತಪ್ಪು ಹೆಸರು ದಾಖಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಕೂಡದೆಂಬುದು ಆ ಸಂಸ್ಥೆಯ ನಿಯಮ. ಆದುದರಿಂದ ತಪ್ಪು ಹೆಸರನ್ನು ಹಾಗೆಯೇ ಉಳಿಸಿ, ಸರಿಯಾದ ಹೆಸರನ್ನು ಅದರ ಪಕ್ಕದಲ್ಲಿ ತಿದ್ದುಪಡಿಯೆಂದು ನಮೂದಿಸಿದರು. ಪುಣೆಯ ಭಂಡಾರ್‌ಕರ್ ಸಂಶೋಧನ ಮಂದಿರವು 1919ರಲ್ಲಿ ಕೈಗೊಂಡು 1966ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕರಣದಲ್ಲಿಯೂ, ಪ್ರಕ್ಷಿಪ್ತವೆಂದು ಕಂಡ ಶ್ಲೋಕಗಳನ್ನು ಎಸೆಯದೆ ಅಡಿಟಿಪ್ಪಣಿಯಲ್ಲಿಯೂ ಅನುಬಂಧದಲ್ಲಿಯೂ ಕಾಪಾಡಿದ್ದಾರೆ. ಯಂತ್ರದ ಶಿಲ್ಪಿಗಳೂ ಗ್ರಂಥದ ಶೋಧಕರೂ ಬೇರೆಬೇರೆ ದಾರಿಯಿಂದ ಒಂದೇ ನಿಲುವಿಗೆ ಬಂದಿರುವರು: ತಿದ್ದುವವನು ಹಳೆಯದನ್ನು ಕಾಣುವಂತೆ ಉಳಿಸಬೇಕು.

7

ಇಷ್ಟರಿಂದ ಪುಟಗಳನ್ನೆಲ್ಲ ಮುಚ್ಚಿಬಿಡಬೇಕೆಂಬ ಪೂರ್ವಪಕ್ಷವು ಹುಟ್ಟಬಹುದು. ಅದು ಯುಕ್ತವಲ್ಲ. ಮುಚ್ಚಿದ ಪುಟದಲ್ಲಿಯೂ ತಪ್ಪುಗಳಿರುವುವು. ಅವುಗಳನ್ನು ಕಂಡ ಓದುಗನು ಏನನ್ನೂ ಮಾಡಲಾರನು. ಅಚ್ಚಿನ ದೋಷವು ಮರುಮುದ್ರಣದವರೆಗೆ ಬಾಳುವುದು, ಮರುಮುದ್ರಣವಾಗದಿದ್ದರೆ ಚಿರಂಜೀವಿಯಾಗುವುದು. ಮೇಲಾಗಿ ತೆರೆದ ಪುಟವು ಓಲೆಗೂ ಅಚ್ಚಿಗೂ ಇಲ್ಲದ ಒಂದು ಗುಣವನ್ನು ಪಡೆದಿದೆ. 'ಇತಿಹಾಸ'ವೆಂಬ ಭಾಗದಲ್ಲಿ ಮೊದಲಿನಿಂದ ಆದ ತಿದ್ದುಪಡಿಗಳು ದಿನ, ಗಳಿಗೆಗಳೊಡನೆ ಸಾಲಾಗಿ ನಿಂತಿರುವುವು. ಯಾವ ಎರಡು ಅವಸ್ಥೆಗಳನ್ನಾದರೂ ಎದುರುಬದುರಾಗಿಟ್ಟು ಭೇದವನ್ನು ನೋಡಬಹುದು. ಪ್ರತಿಗಳ ವಂಶವೃಕ್ಷವನ್ನು ಕಟ್ಟಲು ಶೋಧಕನು ವರ್ಷಗಟ್ಟಲೆ ಶ್ರಮಿಸುವಲ್ಲಿ ಇಲ್ಲಿ ಅದು ತಾನಾಗಿ ಸಿದ್ಧವಾಗಿರುವುದು.

ಆದರೆ ಈ ಇತಿಹಾಸಕ್ಕೂ ಮಿತಿಯುಂಟು. ಅದು ತಿದ್ದಿದ ಕಾಲವನ್ನೂ ತಿದ್ದಿದ ಪಾಠವನ್ನೂ ಹೇಳುವುದು. ಕಾರಣವನ್ನು ತಿದ್ದಿದವನು ಬರೆದಿದ್ದರೆ ಮಾತ್ರ ಹೇಳುವುದು. ಅದಕ್ಕಾಗಿ ಇಟ್ಟಿರುವ ಚಿಕ್ಕ ಮನೆಯು ಬರಿದಾಗಿದ್ದರೂ ಪುಟವು ಉಳಿತಾಯವಾಗುತ್ತದೆ. ಹೇತುವಿಲ್ಲದ ಪ್ರತಿಜ್ಞೆಯು ತರ್ಕದಲ್ಲಿ ನಿಲ್ಲುವುದಿಲ್ಲ. ಇಲ್ಲಿ ಅದು ಸಲೀಸಾಗಿ ನಿಲ್ಲುತ್ತದೆ. ಇನ್ನೊಂದು ಕೊರತೆಯು ಸಾಧನದ ಸಾಮಗ್ರಿಯಲ್ಲಿರುವುದು. ತಿದ್ದುವವನ ಕೈಗೆ ಮೊದಲು ಸಿಕ್ಕುವುವು ಅಕ್ಷರವನ್ನು ದಪ್ಪಮಾಡುವ, ಓರೆಮಾಡುವ, ಪಟ್ಟಿಮಾಡುವ ಗುಂಡಿಗಳು. ಪಾಠಾಂತರವನ್ನು ಸೂಚಿಸುವ, ಲುಪ್ತಭಾಗವನ್ನು ತೋರುವ, ಸಂದೇಹದ ಗುರುತನ್ನಿಡುವ ಗುಂಡಿಗಳು ಅಷ್ಟು ಸಮೀಪದಲ್ಲಿಲ್ಲ. ಕಚೇರಿಯ ಕಾಗದವನ್ನು ಬರೆಯುವ ಸಾಮಗ್ರಿಯನ್ನು ಕೈಗಿತ್ತು ಶೋಧಕನ ಸಂಯಮವನ್ನು ನಿರೀಕ್ಷಿಸಲಾಗುತ್ತಿದೆ. ಸಂದೇಹವನ್ನು ಬರೆಯಲು ಎಡೆಯಿಲ್ಲದವನು ನಿರ್ಣಯವನ್ನೇ ಬರೆಯುವನು.

ವಿಕಿಸೋರ್ಸಿನ ಕ್ರಮವು ಇದಕ್ಕಿಂತ ಶ್ಲಾಘ್ಯವಾಗಿದೆ. ಅಲ್ಲಿ ಮುದ್ರಿತ ಪುಟದ ಛಾಯಾಚಿತ್ರವು ಒಂದು ಪಕ್ಕದಲ್ಲಿಯೂ ಬರೆದ ಪಾಠವು ಇನ್ನೊಂದು ಪಕ್ಕದಲ್ಲಿಯೂ ಇರುವುವು. ಪರಿಶೀಲಿಸದ ಪುಟಕ್ಕೆ ಕೆಂಪು, ಒಬ್ಬನು ಪರಿಶೀಲಿಸಿದುದಕ್ಕೆ ಹಳದಿ, ಎರಡನೆಯವನು ಒಪ್ಪಿದುದಕ್ಕೆ ಹಸಿರು ಬಣ್ಣವನ್ನು ಕೊಡುವರು. ಹಳದಿಯನ್ನು ಕೊಟ್ಟವನೇ ಹಸಿರನ್ನು ಕೊಡಲಾಗದು. ತನ್ನ ಕಣ್ಣನ್ನು ತಾನೇ ಪ್ರಮಾಣವೆಂದು ಭಾವಿಸಬಾರದೆಂಬ ಶಾಸ್ತ್ರಮರ್ಯಾದೆಯು ಇಲ್ಲಿ ಯಂತ್ರದ ನಿಯಮವೇ ಆಗಿರುವುದು. ಕಣ್ಣೆದುರಿಗೆ ಆಕರವಿರುವುದರಿಂದ 'ಮಾಡ್ಯಾನ'ವನ್ನು 'ಮಾಡಿದ್ದಾನೆ' ಎಂದು ತಿದ್ದಿದವನು ಒಡನೆಯೇ ಸಿಕ್ಕಿಬೀಳುವನು.

ಇದರಿಂದ ಸಿದ್ಧಾಂತವು ಹೀಗಾಗುತ್ತದೆ. ಲೋಕವಿಷಯದ ಲೇಖನವು ಎಲ್ಲರಿಗೂ ತೆರೆದಿರಲಿ. ಆಧಾರವನ್ನು ಕೊಟ್ಟವನೇ ಅಲ್ಲಿ ಅಧಿಕಾರಿ. ಪ್ರಾಚೀನ ಪಾಠವು ಆಕರದ ಚಿತ್ರದೊಡನೆ ಮಾತ್ರ ತೆರೆದಿರಲಿ. ಚಿತ್ರದೊಡನೆ ಹೋಲಿಸುವ ಅಧಿಕಾರವು ಎಲ್ಲರಿಗೂ ಇರಲಿ, ಚಿತ್ರವನ್ನು ಮೀರುವ ಅಧಿಕಾರವು ಯಾರಿಗೂ ಬೇಡ. ಆಕರದಲ್ಲಿಯೇ ತಪ್ಪಿದೆಯೆಂದು ತೋರಿದರೆ ಅದನ್ನು ಚರ್ಚೆಯ ಪುಟದಲ್ಲಿ ಹೇತುಸಹಿತವಾಗಿ ಬರೆಯಲಿ. ಬಾಯಿಪಾಠದ ವಾಙ್ಮಯದಲ್ಲಿ ಒಂದೊಂದು ಪಾಠವೂ ಅದು ದೊರೆತ ಊರು, ಹಾಡಿದ ಮೇಳ, ದಾಖಲಿಸಿದ ವರ್ಷ ಇವುಗಳೊಡನೆ ಬೇರೆಬೇರೆಯಾಗಿ ನಿಲ್ಲಲಿ. ಎರಡನ್ನು ಬೆರೆಸಿ ಮೂರನೆಯದನ್ನು ಮಾಡುವುದು ನಿಷಿದ್ಧವಾಗಲಿ.

8

ಕಡೆಯದಾಗಿ ಅಧ್ಯಾಪಕರ ಕರ್ತವ್ಯವೊಂದು ಉಳಿದಿದೆ. ಇಂದಿನ ವಿದ್ಯಾರ್ಥಿಯು ಷಣ್ಮುಖಸ್ವಾಮಿಗಳ ವಚನವನ್ನು ಗ್ರಂಥಭಂಡಾರದಲ್ಲಿ ಹುಡುಕುವುದಕ್ಕೆ ಮುಂಚೆ ಅಂತರ್ಜಾಲದಲ್ಲಿ ಹುಡುಕುವನು. ಅಲ್ಲಿ ಕಂಡುದೇ ಅವನ ಪ್ರಬಂಧಕ್ಕೆ ಬರುವುದು, ಪ್ರಬಂಧದಿಂದ ಗ್ರಂಥಕ್ಕೆ ಬರುವುದು. ಆ ಗ್ರಂಥವೇ ಮುಂದೆ ಅದೇ ಪುಟಕ್ಕೆ ಆಧಾರವೆನಿಸಿಕೊಳ್ಳುವುದು. ಹೀಗೆ ತಪ್ಪು ಪಾಠವು ತನಗೆ ತಾನೇ ಸಾಕ್ಷಿಯಾಗುವ ಚಕ್ರಕದೋಷವನ್ನು ತಪ್ಪಿಸಬಲ್ಲವರು ಆ ಸೀಮೆಯ ನುಡಿಯನ್ನೂ ಗ್ರಂಥವನ್ನೂ ಎರಡನ್ನೂ ಬಲ್ಲ ಅಧ್ಯಾಪಕರು. ಆಳಂದ, ಅಫಜಲಪುರ, ಜೇವರ್ಗಿಗಳ ಶಾಲೆ ಕಾಲೇಜುಗಳಲ್ಲಿ ಅಂತಹವರಿಗೆ ಕೊರತೆಯಿಲ್ಲ. ಅವರು ಈ ಪುಟಗಳನ್ನು ಹಗುರವೆಂದು ಕಡೆಗಣಿಸುತ್ತಿರುವವರೆಗೆ ಅವು ಹಗುರವಾಗಿಯೇ ಉಳಿಯುವುವು.

ಓಲೆಯ ಲಿಪಿಕಾರನು ತಿದ್ದಿರೆಂದು ಬೇಡಿದುದು ಬಲ್ಲವರನ್ನು. ಯಂತ್ರವು ಅದೇ ಬಿನ್ನಹವನ್ನು ಎಲ್ಲರ ಮುಂದೆಯೂ ಇಡುತ್ತದೆ. ಬಲ್ಲವರನ್ನು ಆರಿಸುವುದು ಅದಕ್ಕೆ ತಿಳಿಯದು. ಬಲ್ಲವರು ತಾವಾಗಿಯೇ ಬಂದು ಕುಳಿತಲ್ಲಿ ಆ ಬಿನ್ನಹವು ಸಾರ್ಥಕವಾಗುವುದು.